ಒಲೆ ರೊಟ್ಟಿ ಬೇಕಾದವರು ಮೊದಲು ಕೊಡಲಿ ಹಿಡೀರಿ

ಭಾನುವಾರ ಬಂತೆಂದರೆ ನನ್ನ ಫೇಸ್‌ಬುಕ್ ತುಂಬ ಕಟ್ಟಿಗೆ ಒಲೆ. ಚಿತ್ರದುರ್ಗ ದಾಟಿ ದಾವಣಗೆರೆ ಕಡೆ ಬರುವ ಹೆದ್ದಾರಿ ಪಕ್ಕದ ಯಾವುದೋ ಡಾಬಾ, ಕೆಮ್ಮಣ್ಣು ಬಳಿದ ಗೋಡೆ, ಒಲೆ ಮುಂದೆ ಕೂತ ಒಬ್ಬರು ಅಮ್ಮ, ಸುತ್ತ ಹೊಗೆ. ಕೆಳಗೆ ಒಂದು ಸಾಲು, "ಒಲೆ ರೊಟ್ಟಿ ರುಚಿನೇ ಬೇರೆ." ಹಾಕುವವರು ಬಹುಪಾಲು ಗಂಡಸರು.

ರುಚಿ ಬಗ್ಗೆ ನನ್ನ ತಕರಾರಿಲ್ಲ. ಜಗಳೂರು ಕಡೆಯ ಹಳ್ಳಿಗೆ ಸೊಸೆಯಾಗಿ ಬಂದವಳು ನಾನು. ನಮ್ಮನೆಯಲ್ಲಿ ಗ್ಯಾಸೂ ಇದೆ, ಒಲೆಯೂ ಇದೆ. ಚಹಾ, ಒಗ್ಗರಣೆ, ಅನ್ನ ಗ್ಯಾಸ್ ಮೇಲೆ. ರೊಟ್ಟಿ, ಹಂಡೆ ನೀರು, ಹಬ್ಬದ ಹೋಳಿಗೆಗೆ ಬೇಳೆ ಬೇಯಿಸೋದು ಒಲೆ ಮೇಲೆ. ನನ್ನ ತಕರಾರು ಆ ಫೋಟೋದಲ್ಲಿರೋ ಹೊಗೆ ಮೇಲೆ. ಅದನ್ನ ಚಂದ ಅಂತ ತೆಗೀತೀರಲ್ಲ, ಒಲೆ ಸರಿಯಾಗಿ ಉರೀತಿಲ್ಲ ಅಂತ ತೋರಿಸೋದೇ ಅದು.

ಕಟ್ಟಿಗೆ ಅಂದಮೇಲೆ ಹೊಗೆ ಇದ್ದಿದ್ದೇ ಅಂತ ನಾವೆಲ್ಲ ಒಪ್ಪಿಕೊಂಡುಬಿಟ್ಟಿದ್ದೇವೆ. ಹಾಗೇನಿಲ್ಲ. ಕಟ್ಟಿಗೆ ಕಾದಾಗ ಅದರಿಂದ ಅನಿಲ ಹೊರಡುತ್ತದೆ. ನಾವು ಉರಿ ಅಂತ ನೋಡೋದು ಆ ಅನಿಲ ಉರಿಯೋದನ್ನ. ಒಣ ಕಟ್ಟಿಗೆಯ ತೂಕದಲ್ಲಿ ಮುಕ್ಕಾಲು ಪಾಲು, ಇನ್ನೂ ಸ್ವಲ್ಪ ಜಾಸ್ತಿಯೇ, ಹೀಗೆ ಅನಿಲವಾಗಿ ಹೊರಬರುತ್ತದೆ. ಉಳಿದದ್ದು ಕೆಂಡ, ಬೂದಿ. ಆ ಅನಿಲ ಪೂರ್ತಿ ಉರಿಯಬೇಕಾದರೆ ಜೋರು ಶಾಖ ಬೇಕು, ಬೇಕಾದಷ್ಟು ಗಾಳಿ ಬೇಕು. ಎರಡರಲ್ಲಿ ಒಂದು ಕಮ್ಮಿಯಾದರೂ ಅದು ಉರಿಯದೆ ಹಾಗೇ ಮೇಲೆ ಹೋಗುತ್ತದೆ. ಅದೇ ಹೊಗೆ. ಅಂದರೆ ಕಡಿದು, ಹೊತ್ತು, ಇಲ್ಲಾ ದುಡ್ಡು ಕೊಟ್ಟು ತಂದ ಕಟ್ಟಿಗೆಯ ಒಂದು ಪಾಲು ಅಡುಗೆ ಮಾಡದೆ ಸೂರಿಗೆ ಇಲ್ಲಣವಾಗಿ ಅಂಟಿ ಕೂರುತ್ತದೆ. ಇನ್ನೊಂದು ಪಾಲು ಒಲೆ ಮುಂದೆ ಕೂತವಳ ಎದೆಗೆ ಹೋಗುತ್ತದೆ. ಮನೆಯೊಳಗಿನ ಇಂಥ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರು ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಅದರಲ್ಲಿ ಐದು ವರ್ಷ ತುಂಬದ ಮಕ್ಕಳೇ 2 ಲಕ್ಷದ ಮೇಲೆ.

"ಗ್ಯಾಸ್ ಹಾಕಿಸಿ, ಒಲೆ ಕಥೆ ಬಿಡಿ" ಅನ್ನೋರಿಗೆ ಒಂದು ಮಾತು. ಉಜ್ವಲ ಯೋಜನೆ ಶುರುವಾದದ್ದು 2016ರ ಮೇ ತಿಂಗಳಲ್ಲಿ. ಸಿಲಿಂಡರ್ ಮನೆಯೊಳಗೆ ಬಂತು, ಒಲೆ ಮನೆಯಿಂದ ಹೊರಗೆ ಹೋಗಲಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಅಡುಗೆಗೆ ಗ್ಯಾಸ್, ಕರೆಂಟಿನಂಥ ಶುದ್ಧ ಇಂಧನ ಬಳಸುವ ಮನೆಗಳು ನೂರಕ್ಕೆ ಸುಮಾರು 59 ಮಾತ್ರ. ಆ 59ರಲ್ಲೂ ನಮ್ಮಂಥವರು ಇರ್ತಾರೆ, ಹಿತ್ತಲಲ್ಲಿ ಇನ್ನೊಂದು ಒಲೆ ಇಟ್ಟುಕೊಂಡವರು. ಗ್ಯಾಸ್ ಒಳ್ಳೇದೇ. ಕೈಗೆಟಕಿದರೆ ಅದನ್ನೇ ಬಳಸಿ. ಆದರೆ ಹೊಲದ ಬದುವಿನಲ್ಲಿ ಜಾಲಿ ಬಿದ್ದಿರುವಾಗ ಹಂಡೆ ನೀರು ಕಾಯಿಸೋಕೆ ಸಿಲಿಂಡರ್ ಖಾಲಿ ಮಾಡಿ ಅಂದರೆ ಯಾರು ಕೇಳ್ತಾರೆ? ಒಲೆ ಇನ್ನೂ ಬಹಳ ದಿನ ಇರುತ್ತದೆ. ಇರೋ ತನಕ ಅದನ್ನ ಸರಿಯಾಗಿ ಉರಿಸೋಣ ಅನ್ನೋದಷ್ಟೇ ನನ್ನ ವಾದ.

ಸರಿಯಾಗಿ ಉರಿಸೋ ಕೆಲಸ ಶುರುವಾಗೋದು ಅಡುಗೆಮನೆಯಲ್ಲಲ್ಲ, ಕಟ್ಟಿಗೆ ಒಟ್ಟಿಲಲ್ಲಿ.

ಈಗಷ್ಟೇ ಕಡಿದ ಮರದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ನೀರೇ ಇರಬಹುದು. ಅದನ್ನ ಒಲೆಗೆ ಹಾಕಿದರೆ ಬೆಂಕಿ ಮೊದಲು ಆ ನೀರನ್ನ ಕುದಿಸಿ ಆವಿ ಮಾಡಬೇಕು. ಆಮೇಲೆ ನಿಮ್ಮ ಬೇಳೆ. ಅಷ್ಟರಲ್ಲಿ ಒಲೆ ತಣ್ಣಗಾಗಿ, ಅನಿಲ ಉರಿಯದೆ, ಮನೆ ತುಂಬ ಹೊಗೆ. ಸೀಳಿ, ಬಿಸಿಲಿಗೆ ಚೆನ್ನಾಗಿ ಒಣಗಿಸಿದ ಕಟ್ಟಿಗೆಯಲ್ಲಿ ನೀರು ನೂರಕ್ಕೆ 15ರಿಂದ 20ಕ್ಕೆ ಇಳಿಯುತ್ತದೆ. ನಮ್ಮ ಬಿಸಿಲಿಗೆ ಅದೇನು ದೊಡ್ಡ ವಿಷಯವಲ್ಲ. ಜಗಳೂರು, ಚಳ್ಳಕೆರೆ ಕಡೆ ಮಳೆ ಇಲ್ಲ ಅಂತ ಅಳ್ತೀವಿ, ಇದೊಂದಕ್ಕಾದರೂ ಆ ಬಿಸಿಲು ಉಪಯೋಗವಾಗಲಿ. ಸುಗ್ಗಿ ಮುಗಿಸಿ ಕಡಿದು ಸೀಳಿ ಒಟ್ಟಿದರೆ ಮುಂಗಾರು ಹಿಡಿಯೋ ಹೊತ್ತಿಗೆ ತಯಾರು.

ನಮ್ಮತ್ತೆಗೆ ಯಾವ ಮೀಟರೂ ಬೇಡ. ಎರಡು ಕಟ್ಟಿಗೆ ತಗೊಂಡು ಒಂದಕ್ಕೊಂದು ಬಡೀತಾರೆ. "ಕೇಳಿಸ್ತೇನಮ್ಮಾ? ಟಣ್ ಅಂದ್ರೆ ಒಣಗೈತೆ. ದಬ್ ಅಂದ್ರೆ ಇನ್ನೂ ನೀರೈತೆ, ವಾಪಸ್ ಬಿಸಿಲಿಗೆ ಹಾಕು." ತುದಿಯಲ್ಲಿ ಬಿರುಕು ಬಿಟ್ಟಿದೆಯಾ, ತೊಗಟೆ ತಾನೇ ಕಳಚಿಕೊಳ್ತಿದೆಯಾ ಅಂತಲೂ ನೋಡ್ತಾರೆ. ಉರಿಯುವಾಗ ಇನ್ನೊಂದು ತುದಿಯಲ್ಲಿ ಸುಯ್ ಅಂತ ನೊರೆ ಬಂದರೆ ಅವತ್ತು ತಂದು ಹಾಕಿದವರಿಗೆ ಬೈಗುಳ ಖಾಯಂ.

ಒಟ್ಟುವುದರಲ್ಲೂ ಒಂದು ರೀತಿ ಇದೆ. ಮಣ್ಣಿನ ಮೇಲೆ ನೇರವಾಗಿ ಹಾಕಬಾರದು, ಕೆಳಗೆ ಎರಡು ಸೈಜುಗಲ್ಲು ಇಟ್ಟು ಅದರ ಮೇಲೆ ಅಡ್ಡಡ್ಡ ಒಟ್ಟಬೇಕು. ಮಳೆಗಾಲಕ್ಕೆ ತಾಡಪತ್ರಿ ಹೊದಿಸುವಾಗ ತಲೆ ಮೇಲೆ ಮಾತ್ರ ಹೊದಿಸಿ, ಪಕ್ಕ ತೆರೆದಿರಲಿ. ನಾಲ್ಕೂ ಕಡೆ ಸುತ್ತಿಬಿಟ್ಟರೆ ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ. ಇನ್ನು ದಪ್ಪ. ಹೆಬ್ಬೆರಳಿನಿಂದ ಮಣಿಕಟ್ಟಿನವರೆಗೆ, ಅದಕ್ಕಿಂತ ದಪ್ಪ ಬೇಡ. ಸಣ್ಣಗೆ ಸೀಳಿದ ಕಟ್ಟಿಗೆಗೆ ಬೆಂಕಿ ಸುತ್ತಲಿಂದ ಹಿಡಿಯುತ್ತದೆ, ಉರಿ ಜೋರಾಗುತ್ತದೆ, ಹೊಗೆ ಕಮ್ಮಿಯಾಗುತ್ತದೆ. ಇಡೀ ಬೊಡ್ಡೆ ತಂದು ತುರುಕಿದರೆ ಅದು ದಿನವಿಡೀ ಮುಸುಗುಟ್ಟುತ್ತಾ ಕೂತಿರುತ್ತದೆ.

ಈಗ ಹೇಳಿ, ಕಡಿಯೋದು, ಸೀಳೋದು, ಒಟ್ಟೋದು ಯಾರ ಕೆಲಸ? ನಮ್ಮ ಕಡೆ ಗಂಡಸರದ್ದು. ಊದುಗೊಳವೆ ಹಿಡಿದು ಕಣ್ಣು ಕೆಂಪು ಮಾಡಿಕೊಳ್ಳೋದು ಯಾರು? ಹೆಂಗಸರು. ಕಟ್ಟಿಗೆ ಸೀಳದೆ ತಂದು ಅಂಗಳದಲ್ಲಿ ಎಸೆದು ಅರಳಿಕಟ್ಟೆಗೆ ಹೋದವನಿಗೆ ಹೊಗೆ ಕಾಣಿಸೋದೇ ಇಲ್ಲ. ಅದಕ್ಕೇ ಈ ಬರಹಕ್ಕೆ ಆ ತಲೆಬರಹ. ಒಲೆ ರೊಟ್ಟಿ ಬೇಕು ಅಂತ ಬಾಯಿ ಚಪ್ಪರಿಸೋರು ಬೇಸಿಗೆಯಲ್ಲಿ ಒಂದು ವಾರ ಊರಿಗೆ ಬಂದು ವರ್ಷಕ್ಕಾಗೋ ಕಟ್ಟಿಗೆ ಸೀಳಿಟ್ಟು ಹೋಗಲಿ. ನಮ್ಮನೆಯವರು ಇದನ್ನ ಓದ್ತಾರೆ, ಗೊತ್ತಿದ್ದೇ ಬರೀತಿದ್ದೇನೆ.

ಒಲೆ ವಿಷಯಕ್ಕೆ ಬರೋಣ. ಕಟ್ಟಿಗೆ ಒಣಗಿದ್ದೂ ಹೊಗೆ ಬಂದರೆ ಗಾಳಿ ಸಾಲ್ತಿಲ್ಲ ಅಂತ ಅರ್ಥ. ಒಲೆ ಬಾಯಿ ತುಂಬ ತುರುಕಿದರೆ ಗಾಳಿಗೆ ದಾರಿ ಎಲ್ಲಿ? ಮೂರ್ನಾಲ್ಕು ಸೀಳು, ತುದಿ ಮಾತ್ರ ಉರಿಯಲ್ಲಿ, ಉರಿದಂತೆ ಒಳಗೆ ತಳ್ಳುತ್ತಾ ಹೋಗಬೇಕು. ಒಲೆಯ ತಳದಲ್ಲಿ ಕಬ್ಬಿಣದ ಸರಳಿನ ಒಂದು ಜಾಲರಿ ಕೂರಿಸಿದರೆ ಇನ್ನೂ ವಾಸಿ. ವೆಲ್ಡಿಂಗ್ ಅಂಗಡಿಯಲ್ಲಿ ತುಂಡು ಸರಳು ಜೋಡಿಸಿ ಮಾಡಿಕೊಡ್ತಾರೆ. ಕಟ್ಟಿಗೆ ಜಾಲರಿ ಮೇಲೆ, ಬೂದಿ ಕೆಳಗೆ, ಗಾಳಿ ಕೆಳಗಿನಿಂದ ನೇರ ಕೆಂಡಕ್ಕೆ. ಆದರೆ ಕೆಳಗಿನ ಬೂದಿಯನ್ನ ದಿನಾ ತೆಗೀಬೇಕು. ಬೂದಿ ತುಂಬಿದರೆ ಜಾಲರಿ ಇದ್ದೂ ಇಲ್ಲದ ಹಾಗೆ. ಇಷ್ಟಾದ ಮೇಲೂ ಪದೇ ಪದೇ ಊದಬೇಕಾಗ್ತಿದೆ ಅಂದರೆ ಕಟ್ಟಿಗೆಯನ್ನ ಇನ್ನೊಮ್ಮೆ ಬಡಿದು ನೋಡಿ.

ದಾವಣಗೆರೆ ಸೀಮೆ ಅಂದಮೇಲೆ ಮೆಕ್ಕೆಜೋಳದ ಬೆಂಡು ಬಿಡೋಕಾಗಲ್ಲ. ಕಾಳು ಬಿಡಿಸಿದ ಮೇಲೆ ಗುಡ್ಡೆಗಟ್ಟಲೆ ಉಳಿಯುತ್ತದೆ. ಒಣಗಿದ್ದರೆ ಚೆನ್ನಾಗಿ ಉರಿಯುತ್ತದೆ, ಬೇಗ ಮುಗಿಯುತ್ತದೆ. ಬೇಗ ಮುಗಿಯುತ್ತದೆ ಅಂತ ಒಂದು ಪುಟ್ಟಿ ಒಟ್ಟಿಗೆ ಸುರಿದರೆ ಅಷ್ಟೂ ಒಮ್ಮೆಲೇ ಕಾದು, ಹೊರಟ ಅನಿಲಕ್ಕೆ ಗಾಳಿ ಸಾಲದೆ ದಟ್ಟ ಹೊಗೆ. ನಾಲ್ಕೈದು ಬೆಂಡು, ಮತ್ತೆ ನಾಲ್ಕೈದು. ಹತ್ತಿ ಕಡ್ಡಿಗೂ ಇದೇ ಮಾತು. ಕುಳ್ಳು ಮಾತ್ರ ಎಷ್ಟೇ ಒಣಗಿದರೂ ಹೊಗೆ ಜಾಸ್ತಿ. ಸಗಣಿ ತಿಪ್ಪೆಗೆ ಹೋದರೆ ಹೊಲಕ್ಕಾದರೂ ಆಗುತ್ತದೆ ಅನ್ನೋದು ನನ್ನ ಅಭಿಪ್ರಾಯ, ಅತ್ತೆ ಒಪ್ಪಲ್ಲ. ಹಾಲಿಗೆ ಕುಳ್ಳಿನ ಬೆಂಕಿಯೇ ಬೇಕಂತೆ, ಕೆನೆ ದಪ್ಪ ಕಟ್ಟುತ್ತಂತೆ.

ಹೊಗೆ ಇಲ್ಲದ ಒಲೆ ನಮ್ಮ ರಾಜ್ಯಕ್ಕೆ ಹೊಸದೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಹಳಬರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್, 1974ರಲ್ಲಿ ಅಮೂಲ್ಯ ಕೆ. ಎನ್. ರೆಡ್ಡಿ ಅವರು ಹಳ್ಳಿಗೆ ಬೇಕಾದ ತಂತ್ರಜ್ಞಾನ ಮಾಡೋಕೆ ಅಂತಲೇ 'ಅಸ್ತ್ರ' ಅನ್ನೋ ವಿಭಾಗ ಕಟ್ಟಿದರು. ಕುಣಿಗಲ್ ತಾಲೂಕಿನ ಉಂಗ್ರ ಅವರ ಪ್ರಯೋಗದ ಊರು. ಅಲ್ಲಿಂದ ಬಂದದ್ದೇ ಅಸ್ತ್ರ ಒಲೆ. ಮೂರು ಪಾತ್ರೆ ಸಾಲಾಗಿ ಕೂರುತ್ತವೆ. ಬೆಂಕಿ ಮೊದಲನೆಯದರ ಕೆಳಗೆ ಮಾತ್ರ. ಅದರ ಬಿಸಿ ಎರಡನೆಯದಕ್ಕೆ, ಮೂರನೆಯದಕ್ಕೆ ತಗುಲಿ ಕೊನೆಗೆ ಕೊಳವೆ ಹತ್ತಿ ಹೊರಗೆ ಹೋಗುತ್ತದೆ. ಮೂರು ಕಲ್ಲಿನ ಒಲೆಯಲ್ಲಿ ಕಟ್ಟಿಗೆಯ ಶಾಖದಲ್ಲಿ ಪಾತ್ರೆಗೆ ಸೇರೋದು ನೂರಕ್ಕೆ ಹತ್ತು ಹದಿನೈದು. ಇದರಲ್ಲಿ ಪ್ರಯೋಗಾಲಯದ ಲೆಕ್ಕಕ್ಕೆ 30ರ ಮೇಲೆ. ಈಗ ಅದೇ ಸಂಸ್ಥೆಯ ಇನ್ನೊಂದು ಕ್ಯಾಂಪಸ್ ನಮ್ಮ ಪಕ್ಕದ ಚಳ್ಳಕೆರೆಯ ಕುದಾಪುರದಲ್ಲೇ ಇದೆ.

ಹಾಗಿದ್ದರೆ ಮನೆಮನೆಯಲ್ಲೂ ಅದೇ ಯಾಕಿಲ್ಲ? ನನ್ನ ತವರಿನಲ್ಲಿ ಒಂದು ಹೊಗೆರಹಿತ ಒಲೆ ಇತ್ತು, ಯಾವುದೋ ಯೋಜನೆಯಲ್ಲಿ ಕಟ್ಟಿಸಿ ಹೋದದ್ದು. ಕೊಳವೆಯನ್ನ ಸೂರಿಗಿಂತ ಕೆಳಗೇ ನಿಲ್ಲಿಸಿದ್ದರು. ಗಾಳಿ ಬೀಸಿದಾಗ ಹೊಗೆ ಅದೇ ದಾರಿಯಲ್ಲಿ ವಾಪಸ್. ಕೊಳವೆ ಸೂರಿನ ನೆತ್ತಿಗಿಂತ ಎರಡಡಿಯಾದರೂ ಮೇಲಿರಬೇಕು, ಒಳಗೆ ಕಟ್ಟೋ ಮಸಿಯನ್ನ ಆಗಾಗ ಉದ್ದ ಕೋಲಿಗೆ ಬಟ್ಟೆ ಸುತ್ತಿ ತೆಗೀಬೇಕು. ಇದನ್ನ ಅವ್ವನಿಗೆ ಯಾರೂ ಹೇಳಿಕೊಡಲಿಲ್ಲ. ಕೊನೆಗೆ ಆ ಒಲೆ ಮೇಲೆ ಉಪ್ಪಿನಕಾಯಿ ಭರಣಿ ಇಟ್ಟಿದ್ದರು.

ಇನ್ನೊಂದು ಕಾರಣ ರೊಟ್ಟಿ. ಜೋಳದ ರೊಟ್ಟಿ ಮಾಡೋರಿಗೆ ಗೊತ್ತು. ಬಡಿದ ರೊಟ್ಟಿ ಹಂಚಿಗೆ ಬಿದ್ದ ಕೂಡಲೇ ಮೇಲಿನ ಹಿಟ್ಟನ್ನ ಒದ್ದೆ ಬಟ್ಟೆಯಲ್ಲಿ ಸವರಬೇಕು. ನೀರು ಆರುತ್ತಿದ್ದಂತೆ ತಿರುವಬೇಕು, ತಡವಾದರೆ ಬಿರುಕು. ಆಮೇಲೆ ಹಂಚಿನಿಂದ ತೆಗೆದು ಒಲೆ ಬಾಯಲ್ಲಿ, ಮುಂದಕ್ಕೆ ಎಳೆದ ಕೆಂಡದ ಎದುರು ಒರಗಿಸಿ ನಿಲ್ಲಿಸಬೇಕು. ಅಲ್ಲಿ ಅದು ಮೆಲ್ಲಗೆ ಉಬ್ಬಿ, ಅಲ್ಲಲ್ಲಿ ಕಂದು ಚುಕ್ಕೆ ಬಿದ್ದು, ಅಂಚಿನಿಂದ ಆವಿ ಬಿಡುತ್ತದೆ. ನೀವು ಚಪ್ಪರಿಸೋ ರುಚಿ ಇರೋದು ಆ ಕೆಂಡದಲ್ಲಿ, ಹೊಗೆಯಲ್ಲಲ್ಲ. ಹೊಗೆಯಲ್ಲಿ ಹಿಡಿದ ರೊಟ್ಟಿ ಕಹಿ. ಮುಚ್ಚಿದ ಒಲೆಯಲ್ಲಿ ಈ ಕೆಂಡದ ಬಾಯಿಗೆ ಜಾಗ ಕಮ್ಮಿ. ಅದಕ್ಕೇ ನಮ್ಮ ಕಡೆ ಹೆಂಗಸರು ಅದರ ಬಾಯಿ ಒಡೆದು ದೊಡ್ಡದು ಮಾಡಿಕೊಳ್ತಾರೆ. ಬಾಯಿ ದೊಡ್ಡದಾದ ಮೇಲೆ ಒಲೆಯ ಲೆಕ್ಕಾಚಾರವೆಲ್ಲ ಹೋಯಿತು. ರೊಟ್ಟಿ ಸೀಮೆಗೆ ಒಲೆ ಮಾಡುವವರು ಮೊದಲು ರೊಟ್ಟಿ ಬಡಿಯೋರ ಪಕ್ಕ ಒಂದಿಷ್ಟು ದಿನ ಕೂರಬೇಕು.

ಹಂಡೆ ಒಲೆಗೆ ಇಷ್ಟೆಲ್ಲ ತಲೆಬಿಸಿ ಇಲ್ಲ. ಹಂಡೆ ಸುತ್ತ ಮಣ್ಣಿನ ಗೋಡೆ ಎತ್ತರಿಸಿ, ನಡುವೆ ಒಂದು ಬೆರಳಿನಷ್ಟು ಸಂದು ಬಿಡಿ, ಬಿಸಿ ಪಕ್ಕದಿಂದಲೂ ತಗುಲುತ್ತದೆ. ಹಂಡೆಗೆ ಮುಚ್ಚಳ ಹಾಕಿ. ನೀರು ಕಾದ ಮೇಲೆ ಕೊಳ್ಳಿ ಹೊರಗೆಳೆದು ಆರಿಸಿ.

ಆದರೆ ಬಚ್ಚಲುಮನೆ ಬಾಗಿಲು ಕಿಟಕಿ ಭದ್ರ ಮಾಡಿ, ಒಳಗೆ ಕೆಂಡ ಇದ್ದಾಗ ಸ್ನಾನಕ್ಕೆ ಹೋಗಬೇಡಿ. ಬಾಣಂತಿ ಕೋಣೆಯ ಅಗ್ಗಿಷ್ಟಿಕೆಗೂ ಇದೇ ಮಾತು, ಅಲ್ಲಿ ಇನ್ನೂ ಜಾಸ್ತಿ ಎಚ್ಚರ ಬೇಕು. ಕೆಂಡ ಹೊಗೆ ಬಿಡಲ್ಲ, ಅದಕ್ಕೇ ಅಪಾಯ ಇಲ್ಲ ಅಂದುಕೊಳ್ತೇವೆ. ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆನೋವು, ತಲೆಸುತ್ತು, ವಾಕರಿಕೆ, ಆಮೇಲೆ ಪ್ರಜ್ಞೆ ತಪ್ಪೋದು. ಮಲಗಿದವರಿಗೆ ಅದೂ ತಿಳಿಯಲ್ಲ. ಕೂಸಿಗೆ ಗಾಳಿ ತಗುಲುತ್ತೆ ಅಂತ ಬಾಗಿಲ ಸಂದಿಗೂ ಸೀರೆ ತುರುಕೋ ಅಜ್ಜಿಯರಿದ್ದಾರೆ. ಅವರ ಮನಸ್ಸು ನೋಯಿಸದೆ, ಕೋಣೆ ಬೆಚ್ಚಗಾದ ಮೇಲೆ ಅಗ್ಗಿಷ್ಟಿಕೆ ಹೊರಗಿಡಿ. ಕಿಟಕಿ ಸ್ವಲ್ಪ ತೆರೆದಿರಲಿ. ರಾತ್ರಿ ಮಲಗುವಾಗ ಕೋಣೆಯಲ್ಲಿ ಕೆಂಡ ಬೇಡವೇ ಬೇಡ. ಈ ಒಂದು ವಿಷಯದಲ್ಲಿ ಮಾತ್ರ ಅತ್ತೆ ಹತ್ತಿರವೂ ಜಗಳ ಆಡಿ ಗೆದ್ದಿದ್ದೇನೆ.

ಇನ್ನು ಒಲೆ ಹೊತ್ತಿಸೋಕೆ ಪ್ಲಾಸ್ಟಿಕ್ ಕವರ್. ಹಾಲಿನ ಕವರ್, ಗುಟ್ಕಾ ಚೀಟಿ, ಹರಿದ ಚಪ್ಪಲಿ, ಹಳೇ ಪೈಪಿನ ತುಂಡು, ಕೈಗೆ ಸಿಕ್ಕಿದ್ದೆಲ್ಲ ಒಲೆಗೆ. ಮಂಡಕ್ಕಿ ಭಟ್ಟಿಯವರು ಟೈರ್ ಉರಿಸ್ತಾರೆ ಅಂತ ದಾವಣಗೆರೆ ಜನ ಮೂಗು ಮುಚ್ಕೊಂಡು ಬೈದದ್ದೇ ಬೈದದ್ದು. ಮನೇಲಿ ನಾವು ಮಾಡೋದು ಅದನ್ನೇ ಅಲ್ವಾ, ಸಣ್ಣದಾಗಿ, ಅದೂ ರೊಟ್ಟಿ ಕೆಳಗೆ? ಪೈಪಿನ ಪಿವಿಸಿ ಸುಟ್ಟರೆ ಆಮ್ಲದ ಹೊಗೆ ಬರುತ್ತದೆ, ಡಯಾಕ್ಸಿನ್‌ನಂಥ ವಿಷವೂ ಹುಟ್ಟುತ್ತದೆ. ಬಣ್ಣ ಹೊಡೆದ ಕಿಟಕಿ ಚೌಕಟ್ಟು, ಪ್ಲೈವುಡ್ ತುಂಡೂ ಒಲೆಗೆ ಬೇಡ. ಹೊತ್ತಿಸೋಕೆ ಒಣ ತೆಂಗಿನ ಗರಿ ಇದೆ, ಒಡೆದ ಚಿಪ್ಪು ಇದೆ, ಶೇಂಗಾ ಬಳ್ಳಿ ಇದೆ. ಬೆಂಕಿಕಡ್ಡಿ ಒಂದೇ ಸಾಕು.

ನಮ್ಮ ಹಿತ್ತಲ ಒಲೆಗೆ ಈ ಬೇಸಿಗೆಯಲ್ಲಿ ಹೊಸ ಕೊಳವೆ ಹಾಕಿಸಬೇಕು ಅಂತಿದೆ. ರೊಟ್ಟಿಗೆ ಕೆಂಡದ ಬಾಯಿ ಬಿಟ್ಟು, ಒಳಗೆ ಜಾಲರಿ ಇಟ್ಟು ಒಲೆ ಕಟ್ಟೋರು ಜಗಳೂರು, ಭರಮಸಾಗರ ಆಸುಪಾಸಲ್ಲಿ ಯಾರಾದರೂ ಗೊತ್ತಿದ್ದರೆ ತಿಳಿಸಿ. ಗಾರೆ ಕೆಲಸದವರು ಕೇಳಿದ ತಕ್ಷಣ "ಯಮ್ಮಾ, ಈ ಕಾಲದಾಗ ಒಲೆ ಯಾಕೆ?" ಅಂತ ನಗ್ತಾರೆ, ಅಂಥವರು ಬೇಡ.