ಎಷ್ಟ ಕೆಜಿ ತಡೀತೈತಿ ಅಂತ ಕೇಳಿದ್ರ ಇವರಿಗೆ ಸಿಟ್ಟ ಯಾಕ ಬರ್ತೈತಿ?

ಅಲ್ರೀ, ನಮ್ಮ ಹುಬ್ಬಳ್ಳಿ ಧಾರವಾಡದಾಗ ಟ್ರ್ಯಾಕ್ಟರಿಗೆ ಟ್ರ್ಯಾಲಿ ಬೇಕಂದ್ರ ಬೇಕಾದಷ್ಟ ಅಂಗಡಿ ಅದಾವ, ಹಿಂದಿನ ತಗಡಿನ ಮ್ಯಾಲ ನವಿಲು, ಗುಲಾಬಿ ಹೂವು, ಮನಿದೇವರ ಹೆಸರು ಎಲ್ಲಾ ಚಂದಂಗ ಬರದ ಕೊಡ್ತಾರ. ಆದ್ರ ಬೊಲೆರೋ ಹಿಂದ ಕಟಗೊಂಡ ಹೋಗೂವಂಥಾ ಒಂದ ಸಣ್ಣ ಟ್ರ್ಯಾಲಿ, ಅದರಾಗ ಒಂದ ಎಟಿವಿ, ಅಂದ್ರ ಹೊಲಾ ಗುಡ್ಡಾದಾಗ ಓಡೂ ನಾಕ ಗಾಲಿ ಬೈಕ್, ನೆಟ್ಟಗ ನಿಂತ್ರ ಸಾಕು, ಅಷ್ಟ ಮಾಡಿಕೊಡ್ರಿ ಅಂದ್ರ ನನ್ನ ಮಾರಿನ ಮಿಕಿಮಿಕಿ ನೋಡ್ತಾರ. ಹೂಂ ಅಂದಾವರೂ ಎಷ್ಟ ಭಾರ ತಡೀತೈತಿ ಅಂತ ಬಾಯಿ ಬಿಡವಲ್ಲರು. ತಲಿ ಕೆಟ್ಟ ಮೊಸರ ಗಡಿಗಿ ಆಗೇತಿ.

ಕತಿ ಏನಂದ್ರ, ನಮ್ಮ ಕಾಕಾಂದ ಕಲಘಟಗಿ ಕಡೆ ಆಪೂಸ ಮಾವಿನ ತ್ವಾಟ ಐತಿ, ಇನ್ನೊಂದ ತುಂಡ ಧಾರವಾಡದ ಆಚೀಕ. ಗಿಡದ ಸಾಲಿನಾಗ ಔಷಧ ಹೊಡ್ಯಾಕ, ಕ್ರೇಟ್ ತರಾಕ ಅಂತ ಹಳೇ ಎಟಿವಿ ಒಂದ ತಗೊಂಡಾನ. ಮಳಿಗಾಲದಾಗ ಟ್ರ್ಯಾಕ್ಟರ್ ಹುಗಿಯೂ ಜಾಗಾದಾಗೂ ಅದ ಆರಾಮ ಹೊಕ್ಕೈತಿ, ಅದರ ಬಗ್ಗೆ ನಂದೇನೂ ತಕರಾರಿಲ್ಲ. ಆದ್ರ ರೋಡಿಗೆ ಪಾಸಿಂಗ್ ಇಲ್ಲ. ನಮ್ಮ ದೇಶದಾಗ ಮಾರೂ ಎಟಿವಿ ಬಹಳಷ್ಟ ಬರೇ ಹೊಲಾ ಗುಡ್ಡಾದಾಗ ಓಡ್ಸಾಕ ಅಂತ ಬಂದಾವು, ನಂಬರ್ ಪ್ಲೇಟ್ ಇರೂದಿಲ್ಲ. ಹಂಗಾಗಿ ಈ ತ್ವಾಟದಿಂದ ಆ ತ್ವಾಟಕ್ಕ, ಸರ್ವೀಸಿಗಂತ ಹುಬ್ಬಳ್ಳಿಗೆ, ಎಲ್ಲಿ ಒಯ್ಯೂದಿದ್ರೂ ಬಾಡಿಗಿ ಗೂಡ್ಸ್ ಗಾಡಿನ ಗತಿ. ಅಂವ ಹಲಗಿ ತರೂದಿಲ್ಲ, ಕೈನೂ ಹಚ್ಚೂದಿಲ್ಲ, ಕ್ಯಾಬಿನ್ಯಾಗ ಕುಂತ ಗುಟ್ಕಾ ಅಗೀತಾನ. ಹೋದ ಸಲ ಮುಂದಿನ ಗಾಲಿ ಹತ್ತಿದ ಮ್ಯಾಲ ಒಂದ ಹಲಗಿ ಜಾರಿ ಎಟಿವಿ ಅರ್ಧಾ ಮ್ಯಾಲ ಅರ್ಧಾ ಕೆಳಗ ಜೋತಾಡಾಕತ್ತು, ಕಾಕಾ ಹ್ಯಾಂಡಲ್ ಬಿಡವಲ್ಲ, ನಾ 'ಬಿಡ ಕಾಕಾ, ಹಾಳಾಗಿ ಹೋಗ್ಲಿ ಗಾಡಿ' ಅಂತ ಒದರಾಕತ್ತೀನಿ, ಡ್ರೈವರ್ ಇಳದ ಬಂದ 'ಲಗೂ ಮಾಡ್ರಿ, ನಂಗ ಇನ್ನೊಂದ ಬಾಡಿಗಿ ಐತಿ' ಅಂತಾನ. ಅವತ್ತ ಫಿಕ್ಸ್ ಆದ್ವಿ, ನಮ್ದ ಅಂತ ಒಂದ ಟ್ರ್ಯಾಲಿ ಬೇಕ ಅಂತ.

ಗೋಕುಲ ರೋಡ್ ಕಡೆ ಒಂದ ಅಂಗಡಿಗೆ ಹೋದ್ರ '4 ಬೈ 6 ರೆಡಿ ಐತ್ರಿ ಸರ, ನಾಳೇನ ಒಯ್ರಿ' ಅಂದ. ಎಟಿವಿ ಅಗಲ 4 ಫೂಟು, ಉದ್ದ 7 ಫೂಟಿನ ಹತ್ರ. 4 ಫೂಟಿನ ಡಬ್ಬ್ಯಾಗ 4 ಫೂಟ ಗಾಡಿ ಏರಿಸಿದ್ರ ಬೆಲ್ಟ್ ಹಾಕಾಕ ಕೈ ಎಲ್ಲಿ ತೂರಸ್ಲಿ, ಉದ್ದ ಅಂತೂ ಹೊರಗ ಬರ್ತೈತಿ. 'ಹಿಂದಿನ ಬಾಗಲಾ ತಗದ ಇಡ್ರಿ, ಏನೂ ಆಗೂದಿಲ್ಲ' ಅಂದ. ಕಮ್ಮಿ ಅಂದ್ರ 5 ಬೈ 8 ಬೇಕಪಾ ಅಂದ್ರ ಅಷ್ಟ ದೊಡ್ಡದ ಯಾಕ್ರಿ, ಸಣ್ಣದಿದ್ರ ರಿವರ್ಸ್ ಸಲೀಸು ಅಂತ ನಂಗ ಪಾಠ ಹೇಳ್ತಾನ. ಉಲ್ಟಾ ರೀ ಅದು! ಟ್ರ್ಯಾಲಿ ಗಿಡ್ಡ ಇದ್ದಷ್ಟ ರಿವರ್ಸ್‌ನ್ಯಾಗ ಲಗೂ ತಿರುವ್ಕೊಂತೈತಿ, ಸ್ಟೇರಿಂಗ್ ಸರಿ ಮಾಡೂದ್ರಾಗ ಮಡಚಿ ಬಂಪರಿಗೆ ಬಡದಿರ್ತೈತಿ.

ಆಮ್ಯಾಲ ತಾರಿಹಾಳ ಇಂಡಸ್ಟ್ರಿಯಲ್ ಏರಿಯಾದಾಗ ಒಬ್ಬಾಂವ ಸಿಕ್ಕ. ಮನಷ್ಯಾ ಚಲೋ, ಚಾ ಕುಡಿಸಿದ, ಖಡು ತಗೊಂಡ ನೆಲದ ಮ್ಯಾಲ ಚೌಕ ಬರದ, ಗೇಣ ಹಾಕಿ ಅಳದ, ನಟ್ಟನಡು ಒಂದ ಗೀಟ ಎಳದ. 'ಇಲ್ಲಿ ಬರ್ತೈತ್ರಿ ಆಕ್ಸಲ್, ಪಕ್ಕಾ ಬ್ಯಾಲೆನ್ಸ್.' ನನ್ನ ಎದಿ ಝಲ್ ಅಂತು. ಪಕ್ಕಾ ಬ್ಯಾಲೆನ್ಸ್ ಆಗಬಾರದೋ ತಂದಿ! ಎಟಿವಿ 300 ಕೆಜಿ, ಟ್ರ್ಯಾಲಿ 200 ಅಂತ ಹಿಡಿ, ಒಟ್ಟ 500. ಅದರಾಗ ನೂರಕ್ಕ 10ರಿಂದ 15, ಅಂದ್ರ 50ರಿಂದ 75 ಕೆಜಿ ಮುಂದ ಹುಕ್ಕಿನ ಮ್ಯಾಲ ಕುಂದರಬೇಕು, ಅದಕ್ಕ ಆಕ್ಸಲ್ ನಡುವಿಂದ ಸ್ವಲ್ಪ ಹಿಂದ ಸರೀಬೇಕು. ಭಾರ ಬಾಲಕ್ಕ ಬಿತ್ತಂದ್ರ ಬೈಪಾಸಿನ್ಯಾಗ ಬಾಜೂಕ ಒಂದ ಲಾರಿ ಹಾದ್ರ ಸಾಕು, ಟ್ರ್ಯಾಲಿ ಆ ಕಡೆ ಈ ಕಡೆ ತೊನ್ಯಾಕ ಹತ್ತಿ ಬೊಲೆರೋನೂ ಎಳಕೊಂಡ ಹೊಕ್ಕೈತಿ. ಇಷ್ಟ ಹೇಳಿದ್ರ 'ನಾ ಹುಟ್ಟಿದಾಗಿಂದ ಇದನ್ನ ಮಾಡಾಕತ್ತೀನ್ರಿ' ಅಂತಾನ. ಮಾಡೀಯಪಾ, ಟ್ರ್ಯಾಕ್ಟರಿಗೆ ಮಾಡೀದಿ, ಅದ 25-30ರಾಗ ಹೊಕ್ಕೈತಿ, ನಾ 60ರಾಗ ಹೋಗಾಂವ.

ಆಕ್ಸಲ್ ಎಲ್ಲಿಂದ ತರ್ತೀರಿ ಅಂದ್ರ ಗುಜರಿ ರಾಶಿ ಕಡೆ ಕೈ ಮಾಡಿದ. ಪಾಟಾ, ಅಂದ್ರ ಕುಲುಕಾಟ ತಡಿಯೂ ಸ್ಪ್ರಿಂಗ್ ಪಟ್ಟಿ, ಹಾಕ್ತೀರೇನ್ರಿ ಅಂದ್ರ 'ಸುಮ್ನ ಖರ್ಚ್ರಿ, ನೇರ ವೆಲ್ಡಿಂಗ್ ಹೊಡೀತೀನಿ'. ನಮ್ಮ ಕಡೆ ರೋಡಿನ್ಯಾಗ ಪಾಟಾ ಇಲ್ದ! ಕಲಘಟಗಿ ಮುಟ್ಟೂದ್ರಾಗ ಹುಕ್ಕಿನ ವೆಲ್ಡಿಂಗ್ ಬಾಯಿ ಬಿಟ್ಟಿರ್ತೈತಿ. ಟೈರ್ ಮಾರುತಿ 800ಂದ ಹಳೇವು, 12 ಇಂಚಿಂದ. ಅದ ನಡೀತೈತಿ ಬಿಡ್ರಿ. ಆದ್ರ ಅದ ಟೈರ್ ತಿರುವಿ ಅಂವಗ ತೋರಿಸ್ದೆ, ಬಾಜೂಕ ಸೈಜಿನ ಮುಂದ 69 ಅಂತ ಐತಿ ನೋಡು, 69 ಅಂದ್ರ ಒಂದ ಟೈರ್ 325 ಕೆಜಿ ತಡೀತೈತಿ, ಎರಡ ಸೇರಿ 650. ರಬ್ಬರ್ ಮಾಡಾವರು ಲೆಕ್ಕ ಬರದ ಕೊಡ್ತಾರ, ಕಬ್ಬಣ ಮಾಡಾವ್ರಿಗೆ ಏನ ದಾಡಿ? ಅಂವ ನಕ್ಕ.

ರೇಟ್ ಅಂತೂ ಕೇಳಬ್ಯಾಡ್ರಿ. ಒಬ್ಬಾಂವ 45 ಸಾವಿರ, ಇನ್ನೊಬ್ಬಾಂವ 90. ಯಾಕಪಾ ಡಬಲ್ ಅಂದ್ರ 'ಫಿನಿಶಿಂಗ್ ಬ್ಯಾರೆ ಇರ್ತೈತ್ರಿ'. ಎಲ್ಲಾರೂ ಕಲರ್ ಯಾವದ ಬೇಕಂತ ಕೇಳಿದ್ರು, ಎಟಿವಿ ಎಷ್ಟ ಭಾರ ಐತಿ ಅಂತ ಒಬ್ಬರೂ ಕೇಳಲಿಲ್ಲ.

ಇನ್ನ ಪೇಪರ್ ವಿಚಾರ. 1988ರ ಮೋಟಾರು ವಾಹನ ಕಾಯ್ದೆದಾಗ ಟ್ರೇಲರ್ ಅನ್ನೂದನ್ನೂ ಮೋಟಾರು ವಾಹನ ಅಂತನ ಹಿಡದಾರ, ಅಂದ್ರ ಅದಕ್ಕೂ ರಿಜಿಸ್ಟ್ರೇಶನ್ ಬೇಕು. ಆ ಬಗ್ಗೆ ಕೇಳಿದ್ರ 'ಯಾರ ಹಿಡೀತಾರ್ರಿ, ಆ ಟ್ರ್ಯಾಕ್ಟರ್ ಎಲ್ಲಾ ಹಂಗ ಓಡ್ಯಾಡಂಗಿಲ್ಲೇನು' ಅಂತಾರ. ಓಡ್ಯಾಡ್ತಾವ, ನೋಡೀನಿ. ಕಬ್ಬಿನ ಸೀಜನ್ದಾಗ ರಾತ್ರಿ ಹಿಂದ ಒಂದ ಲೈಟಿಲ್ಲ, ರಿಫ್ಲೆಕ್ಟರ್ ಇಲ್ಲ, ಎರಡೆರಡ ಟ್ರ್ಯಾಲಿ ಸಿಗಿಸ್ಕೊಂಡ ನಡು ರೋಡಿನ್ಯಾಗ ಹೊಂಟಿರ್ತಾವು, ಬೈಕಿನಾವರು ಹೋಗಿ ಬಡೀತಾರ, ಮರದಿನ ಪೇಪರಿನ್ಯಾಗ ಬರ್ತೈತಿ. ಅದ ಇವರಿಗೆ ಮಾದರಿ!

ನಾ ಬ್ರೇಕ್ ಲೈಟು, ಇಂಡಿಕೇಟರು, ಹುಕ್ ತಪ್ಪಿದ್ರ ಹಿಡ್ಯಾಕ ಎರಡ ಸರಪಳಿ, ಏರಿಸಾಕ 6 ಫೂಟಿನ ರ‍್ಯಾಂಪ್ ಅಂತ ಚೀಟಿ ಬರಕೊಂಡ ಹೋದ್ರ ಹುಡುಗರು ಹಿಂದ ನಗ್ತಾರ, ಕಾಕಾನೂ 'ಏನಾರ ಒಂದ ತಗೋಳೋ, ಹಣ್ಣಿನ ಟೈಮ್ ಬಂತು' ಅಂತ ನನಗ ಬೈತಾನ.

ಮೊನ್ನೆ ತಾರಿಹಾಳದಾಂವ ಫೋನ್ ಮಾಡಿ ಅಡ್ವಾನ್ಸ್ ಹಾಕ್ರಿ ಅಂದ. ಹಾಕ್ತೀನಿ, ಆಕ್ಸಲ್ ನಾ ಹೇಳಿದ ಜಾಗಾದಾಗ ಇಡು, ಪಾಟಾ ಹಾಕು, ಟ್ರ್ಯಾಲಿ ಖಾಲಿ ಎಷ್ಟ ತೂಗ್ತೈತಿ, ಮ್ಯಾಲ ಎಷ್ಟ ಹೇರಬಹುದು ಅಂತ ಬಿಲ್ಲಿನ್ಯಾಗ ಬರದ ಕೊಡು ಅಂದೆ. ಆಕ್ಸಲ್‌ಗೆ ಒಪ್ಪಿದ, ಪಾಟಾಕ್ಕೂ ಒಪ್ಪಿದ. ಬರದ ಕೊಡಾಕ ಮಾತ್ರ 'ಅದೊಂದ ಆಗೂದಿಲ್ರಿ ಸರ, ನಾಳೆ ಏನಾರ ಆತಂದ್ರ ನನ್ನ ಕೊಳ್ಳಿಗೆ ಬರ್ತೈತಿ' ಅಂದ. ಇಷ್ಟ ದಿನಾ ಏನೂ ಆಗೂದಿಲ್ಲ ಏನೂ ಆಗೂದಿಲ್ಲ ಅಂತ ಹೇಳಿದಾಂವ ಯಾರಲೇ ಮತ್ತ?