ಕಂದು ಡಬ್ಬಿಯೂ ಅಮ್ಮನ ತಿಪ್ಪೆಯೂ

ಜರ್ಮನಿಗೆ ಬಂದ ವರ್ಷ ಅಂಗಳದ ಎಲೆ ಗುಡಿಸಿ, ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಜೈವಿಕ ಕಸಕ್ಕೆಂದೇ ಇಟ್ಟ ಕಂದು ಡಬ್ಬಿಗೆ ಹಾಕಿದ್ದೆ. ಕಸದ ಲಾರಿ ಬಂದು ಹೋದರೂ ಡಬ್ಬಿ ತುಂಬಿದ್ದು ತುಂಬಿದಂತೆಯೇ ನಿಂತಿತ್ತು. ಅದಕ್ಕೊಂದು ಕೆಂಪು ಚೀಟಿ ಬೇರೆ. ಎಲೆ ಸರಿ, ಚೀಲ ತಪ್ಪು. ಕರಗುತ್ತದೆ ಎಂದು ಅಚ್ಚು ಹಾಕಿದ ಚೀಲವೂ ಇಲ್ಲಿ ಅನೇಕ ಊರುಗಳಲ್ಲಿ ನಡೆಯದು. ಜೈವಿಕ ಕಸವನ್ನು ಬೇರೆಯಾಗಿಯೇ ಸಂಗ್ರಹಿಸಬೇಕೆಂಬುದು 2015ರಿಂದ ಕಾನೂನು. ಹುಲ್ಲು, ಎಲೆ, ಸಣ್ಣ ಕಡ್ಡಿ ಡಬ್ಬಿಗೆ; ದಪ್ಪ ಕೊಂಬೆಯನ್ನು ನಾವೇ ಹೊತ್ತುಕೊಂಡು ಊರಿನ ಸಂಗ್ರಹ ಕೇಂದ್ರಕ್ಕೆ ಹೋಗಬೇಕು.

ರಜೆಗೆ ಊರಿಗೆ ಹೋದಾಗ ಇದನ್ನು ದೊಡ್ಡ ವಿದ್ಯೆಯಂತೆ ವಿವರಿಸಿದೆ. ಅಮ್ಮ ನಕ್ಕಳು. ಮೂಡಿಗೆರೆ ಕಡೆಯ ನಮ್ಮ ತೋಟದಲ್ಲಿ ನೆರಳು ಮರಗಳ ಕೊಂಬೆ ಸವರುವ ಮರಗಸಿ ಮುಗಿದರೆ ಹಾಲುವಾಣದ ಸೊಪ್ಪು ಕಾಫಿ ಗಿಡದ ಬುಡಕ್ಕೆ, ಗಟ್ಟಿ ಕೊಂಬೆ ಸೌದೆಗೆ. ತರಗೆಲೆ ಕೊಟ್ಟಿಗೆಯಲ್ಲಿ ದನದ ಕಾಲಡಿ ಬಿದ್ದು, ಸಗಣಿ ಗಂಜಲ ಹೀರಿಕೊಂಡು ತಿಪ್ಪೆ ಸೇರುತ್ತದೆ. ಸಿಲ್ವರ್ ಓಕ್ ಎಲೆ ಬೇಗ ಕೊಳೆಯದೆಂದು ಅದಕ್ಕೆ ಬೇರೆ ಗುಡ್ಡೆ. ಬಿಳಿ ಕಾಂಡಕೊರಕ ಹುಳು ಹೊಕ್ಕ ಅರೇಬಿಕಾ ಕಾಫಿ ಗಿಡ ಮಾತ್ರ ಬೇರುಸಹಿತ ಬೆಂಕಿಗೆ. ಹಾಗೇ ಬಿಟ್ಟರೆ ಒಳಗಿನ ಹುಳು ದುಂಬಿಯಾಗಿ ಹೊರಬಂದು ಪಕ್ಕದ ಗಿಡ ಹಿಡಿಯುತ್ತದೆ. ಕಸ ಚೆನ್ನಾಗಿ ಗೊಬ್ಬರವಾಗಲು ಇಂಗಾಲ 30 ಪಾಲಿಗೆ ಸಾರಜನಕ ಒಂದು ಪಾಲು ಎಂದು ನಾನು ಓದಿಕೊಂಡಿದ್ದನ್ನು ಅಮ್ಮ ಮೂಗಿನಲ್ಲೇ ಅಳೆಯುತ್ತಾಳೆ: ನಾತ ಬಂದರೆ ತರಗು ಸುರಿ, ಕೊಳೆಯದೇ ಹೋದರೆ ಸಗಣಿ ನೀರು ಹೊಯ್ಯಿ.

ಎಡವಿದ್ದು ಪೇಟೆಯಲ್ಲಿ. ಚಿಕ್ಕಮಗಳೂರಿನಲ್ಲಿ ಅಣ್ಣ ಕಟ್ಟಿಸಿದ ಮನೆಯ ಮುಂದೆ ಒಂದು ಮಾವು, ಎರಡು ತೆಂಗು, ದಾಸವಾಳದ ಸಾಲು. ಭಾನುವಾರ ಬಂದರೆ ಚರಂಡಿ ಪಕ್ಕ ಎಲೆ ಒಟ್ಟಿ ಕಡ್ಡಿ ಗೀರುತ್ತಾನೆ. ಮಿಕ್ಕ ಗರಿಯನ್ನು ಹಸಿ ಕಸದ ಜೊತೆ ತುರುಕಿ ಕಸದ ಗಾಡಿಗೆ ಕೊಡುತ್ತಾನೆ. ತೋಟದಲ್ಲಿ ಒಂದು ಹಿಡಿ ತರಗು ಸುಟ್ಟರೂ ಆಳುಗಳ ಮೇಲೆ ಹರಿಹಾಯುವ ಮನುಷ್ಯ ಇವನೇ! ತೋಟದ ಕಸವನ್ನು ಬೇರೆಯಾಗಿ ಮನೆಯ ಆವರಣದಲ್ಲೇ ಇಟ್ಟು ಸ್ಥಳೀಯ ಸಂಸ್ಥೆ ಹೇಳಿದಂತೆ ವಿಲೇವಾರಿ ಮಾಡಬೇಕು, ಬೀದಿಯಲ್ಲಿ ಸುಡಬಾರದು ಎಂದು ನಮ್ಮಲ್ಲೂ 2016ರ ಘನತ್ಯಾಜ್ಯ ನಿಯಮ ಹೇಳಿತ್ತು. ಅಣ್ಣನದು ಒಂದೇ ಉತ್ತರ: "ಇಲ್ಲಿ ತಿಪ್ಪೆಗೆ ಜಾಗ ಎಲ್ಲಿದೆ?"

ಜಾಗ ಇತ್ತು. ಕಾಂಪೌಂಡ್ ಮೂಲೆಯಲ್ಲಿ ಮೂರಡಿ ಅಗಲಕ್ಕೆ ತಂತಿಬಲೆ ಸುತ್ತಿಸಿ ಬಂದೆ. ಕಂದು ಡಬ್ಬಿ ತರಿಸುವ ಆಸೆ ನನಗಿಲ್ಲ. ತೋಟದಲ್ಲಿ ಗೊತ್ತಿರುವುದು ಸೈಟಿಗೆ ಬಂದೊಡನೆ ಮರೆತುಹೋಗುವುದೇಕೆ ಎಂಬುದೊಂದೇ ನನ್ನ ತಕರಾರು. ಮೊನ್ನೆ ಫೋನಿನಲ್ಲಿ ಕೇಳಿದರೆ ಬಲೆ ಅರ್ಧ ತುಂಬಿದೆಯಂತೆ. ಯಾರೋ ಅದರೊಳಗೆ ಹಾಲಿನ ಪ್ಯಾಕೆಟ್ ಎಸೆದರೆಂದು ಅತ್ತಿಗೆ ಬೀದಿಗೆಲ್ಲ ಕೇಳುವಂತೆ ಬೈದರಂತೆ.