ಮೇಲಿಂದ ಚುಚ್ಚಬೇಡ, ಪಕ್ಕದಿಂದ ಬಾ

ನಮ್ಮ ಅಣ್ಣನ ಹನ್ನೊಂದನೇ ದಿನದ ಕಾರ್ಯ ಮುಗಿದು ಮೂರು ವಾರ ಆಯ್ತು. ಹಾಸನದ ಕಡೆ ಹಳೇ ಮನೆಗಳಲ್ಲಿ ಅಪ್ಪನನ್ನ ಅಣ್ಣ ಅಂತಲೇ ಕರೆಯೋದು, ನಾವೂ ಹಾಗೇ ಬೆಳೆದೆವು. ಊರಿಗೆಲ್ಲ ಅವರು ಮಿಲ್ಟ್ರಿ ಗೌಡ್ರು. ಮಣ್ಣಿಗೆ ಬಂದವರು, ತಿಥಿಗೆ ಬಂದವರು, ಎಲ್ಲರದ್ದೂ ಒಂದೇ ಮಾತು: "ದೇಶ ಕಾಯ್ದ ಜೀವ ಕಣವ್ವಾ, ಯೋಧರು."

ನಿಜ, ಕೈ ಮುಗಿದೆ. ಆದರೂ ಮನಸ್ಸಿಗೆ ಒಂದು ಕೊರಗು ಉಳಿದುಬಿಟ್ಟಿದೆ. ಯೋಧ ಅಂತ ಒಂದು ಪದ ಹೇಳಿ ಹಾರ ಹಾಕಿಬಿಟ್ಟರೆ ಆ ಮನುಷ್ಯನ ಬಗ್ಗೆ ಕೇಳೋದು ಅಲ್ಲಿಗೇ ಮುಗಿದುಹೋಗುತ್ತೆ. ಎಪ್ಪತ್ತೇಳು ವರ್ಷ ಬದುಕಿದವರನ್ನ ಊರಲ್ಲಿ ಒಬ್ಬರೂ ಕೂರಿಸಿಕೊಂಡು "ಅಲ್ಲಿ ನೀವು ಏನು ಕೆಲಸ ಮಾಡ್ತಿದ್ರಿ ಗೌಡ್ರೆ?" ಅಂತ ಕೇಳಲಿಲ್ಲ. ಹೊಟ್ಟೆಯ ಮಗಳು ನಾನು, ನಾನೂ ಕೇಳಿದ್ದು ತೀರಾ ತಡವಾಗಿ. ಅದಕ್ಕೇ ಇವತ್ತು ಬರೀತಿದ್ದೀನಿ.

ಅಣ್ಣ 1967ರಲ್ಲಿ ದುದ್ದ ಹೋಬಳಿಯ ನಮ್ಮ ಹಳ್ಳಿಯಿಂದ ಬೆಂಗಳೂರಿಗೆ ಹೋಗಿ ಸೈನ್ಯಕ್ಕೆ ಸೇರಿದರು. ಹಲಸೂರು ಕೆರೆಯ ಪಕ್ಕದ ಎಂಇಜಿ, ಮದ್ರಾಸ್ ಸ್ಯಾಪರ್ಸ್. 1780ರಲ್ಲಿ ಹುಟ್ಟಿದ, ಸೈನ್ಯದ ಎಂಜಿನಿಯರ್‌ಗಳ ಪಡೆ ಅದು. ಅಲ್ಲಿನವರನ್ನ ಸೈನ್ಯದಲ್ಲೆಲ್ಲ 'ತಂಬಿ'ಗಳು ಅಂತಾರೆ, ತಮಿಳಿನಲ್ಲಿ ತಮ್ಮ ಅಂತ. ಕನ್ನಡದ ಹುಡುಗ ಅಣ್ಣನೂ ಇಪ್ಪತ್ತನಾಲ್ಕು ವರ್ಷ ತಂಬಿಯೇ. ಸೇತುವೆ ಕಟ್ಟೋದು, ರಸ್ತೆ ಮಾಡೋದು, ವೈರಿ ನೆಲದಲ್ಲಿ ಹೂತಿಟ್ಟ ಮೈನುಗಳನ್ನ, ಅಂದರೆ ನೆಲಬಾಂಬುಗಳನ್ನ, ಹುಡುಕಿ ತೆಗೆಯೋದು ಅವರ ಕೆಲಸ. ಮಿಲ್ಟ್ರಿ ಅಂದರೆ ಬಂದೂಕು ಅಂದುಕೊಂಡಿದ್ದ ನನಗೆ ಇದರ ಮೊದಲ ಸುಳಿವು ಸಿಕ್ಕಿದ್ದು ನಮ್ಮ ಆಲೂಗೆಡ್ಡೆ ಹೊಲದಲ್ಲಿ.

ನಮ್ಮ ಸೀಮೆಯಲ್ಲಿ ಮೇ, ಜೂನ್‌ನಲ್ಲಿ ಮಳೆ ನೋಡಿಕೊಂಡು ಆಲೂಗೆಡ್ಡೆ ಹಾಕಿದರೆ ಆಗಸ್ಟ್, ಸೆಪ್ಟೆಂಬರ್‌ಗೆ ಕೀಳೋದು. ಹಾಸನದ ಎಪಿಎಂಸಿಗೆ ಬಿತ್ತನೆ ಗೆಡ್ಡೆ ಜಲಂಧರದಿಂದ ಲಾರಿಯಲ್ಲಿ ಬರುತ್ತೆ. ಗೆಡ್ಡೆ ತರೋಕೆ ಹೋದ ಅಣ್ಣ ಸರ್ದಾರ್ಜಿ ಡ್ರೈವರ್‌ಗಳ ಜೊತೆ ಪಂಜಾಬಿಯಲ್ಲಿ ಮಾತಿಗೆ ನಿಂತರೆ ಮಧ್ಯಾಹ್ನದ ಊಟವೇ ಮರೆತುಹೋಗೋದು. ನನಗೆ ಆಗ ಹತ್ತು ಹನ್ನೊಂದು ವರ್ಷ ಇರಬೇಕು. ಗೆಡ್ಡೆ ಕೀಳುವಾಗ ಕುಡುಗೋಲಿನ ತುದಿಯನ್ನ ಮೇಲಿಂದ ನೇರ ಚುಚ್ಚಿದೆ. ಅಣ್ಣ ಓಡಿ ಬಂದು ಕೈ ಹಿಡಿದುಕೊಂಡರು. ಬೈಯಲಿಲ್ಲ. ಹೊಲದಲ್ಲೇ ಬೋರಲು ಮಲಗಿ, ಒಂದು ಸಣ್ಣ ಕಬ್ಬಿಣದ ಸರಳನ್ನ ಮಣ್ಣಿಗೆ ಓರೆಯಾಗಿ, ಬೆರಳ ತುದಿಯಲ್ಲಿ ಹಿಡಿದು ಮೆಲ್ಲಗೆ ತೂರಿಸಿದರು. ಏನೋ ತಗುಲಿತು. ನಿಲ್ಲಿಸಿದರು. ಪಕ್ಕದ ಮಣ್ಣನ್ನ ಬೆರಳಲ್ಲೇ ಕೆದಕಿ ಕೆದಕಿ ಇಡೀ ಗೆಡ್ಡೆಯನ್ನ ಒಂದು ಗೀರೂ ಇಲ್ಲದೆ ಎತ್ತಿ ನನ್ನ ಕೈಗಿಟ್ಟರು. "ಮೇಲಿಂದ ಚುಚ್ಚಬೇಡ ಮಗಾ. ಪಕ್ಕದಿಂದ ಬಾ."

ಅಷ್ಟು ಹೊತ್ತೂ ಅಣ್ಣ ಉಸಿರು ಬಿಟ್ಟಿರಲಿಲ್ಲ. ಗೆಡ್ಡೆ ಕೀಳೋಕೆ ಯಾಕಿಷ್ಟು ಅಂತ ನಾನು ನಕ್ಕಿದ್ದೆ.

ಕಾರಣ ಗೊತ್ತಾಗಿದ್ದು ನನ್ನ ಮದುವೆಯಾದ ಮೇಲೆ. ಮೈನಿಗೆ ಮೇಲಿಂದ ಭಾರ ಬಿದ್ದರೆ ಸಿಡಿಯುತ್ತೆ, ಅದಕ್ಕೇ ಸರಳನ್ನ ಓರೆಯಾಗಿ ತೂರಿಸಿ ಪಕ್ಕ ಮುಟ್ಟಿ ಪತ್ತೆ ಮಾಡೋದು. ಪಾಕಿಸ್ತಾನದ ಜೊತೆ ಯುದ್ಧ ನಡೀತಿದ್ದ 1971ರ ಡಿಸೆಂಬರ್ 15ರ ರಾತ್ರಿ ಶಕರಗಢ ಸೀಮೆಯಲ್ಲಿ, ಬಸಂತರ್ ನದಿ ಹತ್ತಿರ, ಅಣ್ಣನೂ ಜೊತೆಯವರೂ ಮಾಡಿದ್ದು ಅದೇ. ಹಲ್ಲು ಕಟಕಟಿಸೋ ಚಳಿ, ಮೇಲೆ ಶೆಲ್ಲಿನ ಸುರಿಮಳೆ. ತೆಗೆದಷ್ಟು ದಾರಿಗೆ ಎರಡೂ ಕಡೆ ಬಿಳಿ ಪಟ್ಟಿ ಕಟ್ಟಿ ಮುಂದಕ್ಕೆ ತೆವಳೋದು. ನದಿಯ ಆಚೆ ನಮ್ಮ ಕಾಲಾಳುಗಳು ಟ್ಯಾಂಕಿಲ್ಲದೆ ಕಾಯ್ತಿದ್ದರು. ಮೈನು ಪೂರ್ತಿ ತೆಗೆಯೋ ಮೊದಲೇ ನಮ್ಮ ಪೂನಾ ಹಾರ್ಸ್ ರೆಜಿಮೆಂಟಿನ ಟ್ಯಾಂಕುಗಳು ನುಗ್ಗಿದವು. ಮಾರನೇ ದಿನ ಆ ಟ್ಯಾಂಕುಗಳ ಕಾಳಗದಲ್ಲೇ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತರ್‌ಪಾಲ್ ಪ್ರಾಣ ಕೊಟ್ಟಿದ್ದು. ಅವರಿಗೆ ಪರಮವೀರ ಚಕ್ರ ಬಂತು. ವಯಸ್ಸು ಇಪ್ಪತ್ತೊಂದು, ಅಣ್ಣನಿಗಿಂತ ಎರಡು ವರ್ಷ ಚಿಕ್ಕವರು. ಆ ಹೆಸರು ಬಂದಾಗಲೆಲ್ಲ ಅಣ್ಣ ಕೂತಲ್ಲಿಂದ ಎದ್ದು ನಿಲ್ಲೋರು. ತಮ್ಮ ಬಗ್ಗೆ ಕೇಳಿದರೆ ಮಾತ್ರ, "ನಾವೇನು, ದಾರಿ ಮಾಡಿಕೊಟ್ವಿ ಅಷ್ಟೆ."

ಮನೆಯಲ್ಲೂ ಅಣ್ಣ ಮಾಡಿದ್ದು ಅದನ್ನೇ ಅಂತ ನನಗೀಗ ಅನ್ನಿಸುತ್ತೆ.

ಅವ್ವನಿಗೆ ಅಕ್ಷರ ಬರ್ತಿರಲಿಲ್ಲ. ಅಣ್ಣನ ಇನ್‌ಲ್ಯಾಂಡ್ ಕಾಗದ ಬಂದರೆ ಶಾಲೆಯ ಮೇಷ್ಟ್ರು ಜಗಲಿಯಲ್ಲಿ ಕೂತು ಎಲ್ಲರ ಎದುರು ಓದಬೇಕು. ಹೊಸದಾಗಿ ಮದುವೆಯಾದ ಗಂಡ ಮೇಷ್ಟ್ರ ಬಾಯಲ್ಲಿ ಏನು ತಾನೇ ಹೇಳಿಸಿಯಾನು? "ನಾನು ಕ್ಷೇಮ, ಹಸು ಕರು ಹಾಕಿತೇ" ಅಷ್ಟೇ. ಮುಂದಿನ ಸಲ ಎರಡು ತಿಂಗಳ ರಜೆಗೆ ಬಂದಾಗ ಅಣ್ಣ ಟ್ರಂಕಿನಲ್ಲಿ ಸ್ಲೇಟು ಬಳಪ ತಂದಿದ್ದರಂತೆ. ರಾತ್ರಿ ಊಟ ಆದಮೇಲೆ ಒಲೆ ಮುಂದೆ ಪಾಠ. ಅತ್ತೆ, ನಾದಿನಿಯರು ನಗೋರು ಅಂತ ಅವ್ವ ಈಗಲೂ ನಾಚಿಕೊಂಡು ಹೇಳ್ತಾಳೆ. ಆ ರಜೆ ಮುಗಿದ ಮೇಲೆ ಬಂದ ಕಾಗದಗಳನ್ನ ಅವ್ವ ನಮಗ್ಯಾರಿಗೂ ತೋರಿಸಿಲ್ಲ. ತೋರಿಸಬೇಕಾಗಿಯೂ ಇಲ್ಲ.

1991ರಲ್ಲಿ ಹವಾಲ್ದಾರ್ ಆಗಿ ನಿವೃತ್ತರಾಗಿ ಬಂದರು. ಮಾಜಿ ಸೈನಿಕರಿಗೆ ಕೊಡೋ ಜಮೀನಿಗೆ ಅರ್ಜಿ ಹಾಕಿ ಒಂದು ಕಚೇರಿಗೆ ಹನ್ನೊಂದು ವರ್ಷ ಅಲೆದರು. ಇಸ್ತ್ರಿ ಅಂಗಿ, ಕೈಯಲ್ಲಿ ಫೈಲು. ಒಂದು ದಿನ ನಾನೂ ಜೊತೆಗಿದ್ದೆ. ನನಗಿಂತ ಚಿಕ್ಕ ವಯಸ್ಸಿನ ಒಬ್ಬ ಅವರನ್ನ ಮುಕ್ಕಾಲು ಗಂಟೆ ನಿಲ್ಲಿಸಿಕೊಂಡು "ನಾಳೆ ಬಾರಪ್ಪ" ಅಂದ. ಜಮೀನು ಕೊನೆಗೂ ಸಿಗಲಿಲ್ಲ. ಆಗಸ್ಟ್ 15 ಬಂದರೆ ಶಾಲೆಯವರು ಅಣ್ಣನಿಗೆ ಶಾಲು ಹೊದಿಸೋರು. ಶಾಲು ಬೇಡ ಅಂತಲ್ಲ. ಕೂತ್ಕೊಳ್ಳಿ ಅಂತ ಒಂದು ಕುರ್ಚಿ ತೋರಿಸೋದು ಅದಕ್ಕಿಂತ ದೊಡ್ಡ ಮರ್ಯಾದೆ ಅನ್ನೋದು ನನ್ನ ಖಡಾಖಂಡಿತ ಅಭಿಪ್ರಾಯ. ನನಗೆ ಆ ಸಿಟ್ಟು ಇನ್ನೂ ಇಳಿದಿಲ್ಲ. ಅಣ್ಣನಿಗೆ ಇತ್ತೋ ಇಲ್ಲವೋ, ಅವರು ಹೇಳಲಿಲ್ಲ.

ಕಳೆದ ವಾರ ಅವರ ಕಪ್ಪು ಟ್ರಂಕು ತೆಗೆದೆವು. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಅವರ ನಂಬರು. ಒಳಗೆ ಒಂದು ರಟ್ಟಿನ ಫೈಲು: ಡಿಸ್ಚಾರ್ಜ್ ಬುಕ್ಕು, ಪಿಂಚಣಿ ಆದೇಶದ ಪಿಪಿಒ, ಜಂಟಿ ಖಾತೆಯ ಪಾಸ್‌ಬುಕ್ಕು. ದಾಖಲೆಯಲ್ಲಿ ಅವ್ವನ ಹೆಸರು ಒಂದು ಕಡೆ ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ ಇತ್ತು. ಅದನ್ನ ಅಣ್ಣ ಎಷ್ಟೋ ವರ್ಷದ ಹಿಂದೆಯೇ ಓಡಾಡಿ ಸರಿಮಾಡಿಸಿ, ಅದರ ಕಾಗದವನ್ನ ಎಲ್ಲದಕ್ಕೂ ಮೇಲೆ ಇಟ್ಟಿದ್ದರು. ಈ ಒಂದು ಅಕ್ಷರದ ತಪ್ಪಿಗೆ ಗಂಡ ಹೋದಮೇಲೆ ಕುಟುಂಬ ಪಿಂಚಣಿಗಾಗಿ ತಿಂಗಳುಗಟ್ಟಲೆ ಅಲೆಯುವ ಹೆಣ್ಣುಮಕ್ಕಳನ್ನ ನಾನೇ ನೋಡಿದ್ದೀನಿ. ನಿಮ್ಮ ಮನೆಯಲ್ಲೂ ಮಿಲ್ಟ್ರಿಯಿಂದ ಬಂದವರು ಇದ್ದರೆ ದಯವಿಟ್ಟು ಇವತ್ತೇ ಆ ಕಾಗದ ತೆಗೆದು ನೋಡಿ. ಹಾಗೇ ಅವರ ಪಕ್ಕ ಕೂತು, ಅಲ್ಲಿ ಏನು ಮಾಡ್ತಿದ್ರಿ ಅಂತ ಕೇಳಿ.

ಸೋಮವಾರ ಅವ್ವನನ್ನ ಬ್ಯಾಂಕಿಗೆ ಕರೆದುಕೊಂಡು ಹೋಗಿದ್ದೆ. ಸೆರಗು ಹೊದ್ದ ಹಳ್ಳಿ ಹೆಂಗಸನ್ನ ನೋಡಿ ಅಲ್ಲಿದ್ದ ಹುಡುಗ ಕೇಳದೇನೇ ಇಂಕ್ ಪ್ಯಾಡ್ ಮುಂದಿಟ್ಟ. ಅವ್ವ ಅದನ್ನ ಪಕ್ಕಕ್ಕೆ ಸರಿಸಿ, ನನ್ನ ಕೈಯಿಂದ ಪೆನ್ನು ತಗೊಂಡು, ಕನ್ನಡಕ ಏರಿಸಿಕೊಂಡು, ತನ್ನ ಪೂರ್ತಿ ಹೆಸರನ್ನ ದುಂಡಗೆ ಬರೆದಳು. ಅದರ ಮುಂದೆ ಅಣ್ಣನ ಹೆಸರು.